ಮಗು ಕೂರೋ ಟ್ರೇಲರ್ ಯಾವ ಸೈಕಲ್‌ಗೆ ಕಟ್ಟಬೇಕು? ಕಾರ್ಬನ್, ಸ್ಟೀಲ್, ಅಲ್ಯೂಮಿನಿಯಂ ಮೂರೂ ಇದೆ

ನಿಧಾನಪೆಡಲ್:

ಎಲ್ಲರಿಗೂ ನಮಸ್ಕಾರ. ಮಗಳಿಗೆ ಒಂದೂವರೆ ವರ್ಷ ದಾಟಿದೆ, ಆರಾಮಾಗಿ ಕೂರ್ತಾಳೆ, ಹೆಲ್ಮೆಟ್ ಹಾಕಿದ್ರೂ ಕಿತ್ತು ಬಿಸಾಕಲ್ಲ, ಹಂಗಾಗಿ ಸೈಕಲ್ ಹಿಂದೆ ಕಟ್ಟೋ ಎರಡು ಚಕ್ರದ ಮಕ್ಕಳ ಟ್ರೇಲರ್ ತಗೊಂಡಿದ್ದೀವಿ. ಈಗಿರೋ ಪ್ರಶ್ನೆ ಯಾವ ಸೈಕಲ್‌ಗೆ ಕಟ್ಟೋದು ಅಂತ. ಮನೇಲಿ ಮೂರಿದೆ. ಒಂದು ನನ್ನ ಕಾರ್ಬನ್ ರೋಡ್ ಬೈಕ್, ಡಿಸ್ಕ್ ಬ್ರೇಕು, ಥ್ರೂ ಆಕ್ಸಲ್, ಅಂದ್ರೆ ಚಕ್ರದ ನಡುವಿಂದ ತೂರಿಸಿ ಫ್ರೇಮಿಗೇ ತಿರುಗಿಸಿ ಬಿಗಿಯೋ ದಪ್ಪ ಅಚ್ಚು. ಇನ್ನೊಂದು ಹಳೇ ಸ್ಟೀಲ್ ಸೈಕಲ್, ರಿಮ್ ಬ್ರೇಕು, ಹಿಂದಿನ ಚಕ್ರಕ್ಕೆ ಎರಡೂ ಕಡೆ ನಟ್ ಬಿಗಿಯೋದು. ಮೂರನೇದು ಹೆಂಡತೀದು, ಅಲ್ಯೂಮಿನಿಯಂ ಸ್ಟೆಪ್ ಥ್ರೂ, ಅಂದ್ರೆ ಮೇಲಿನ ಟ್ಯೂಬ್ ಕೆಳಗಿಳಿದಿರುತ್ತಲ್ಲ ಆ ಥರದ್ದು, ಅದಕ್ಕೂ ಡಿಸ್ಕ್ ಬ್ರೇಕು, ಥ್ರೂ ಆಕ್ಸಲ್. ಟ್ರೇಲರ್ ಜೊತೆ ಬಂದಿರೋ ಹಿಚ್, ಅಂದ್ರೆ ಟ್ರೇಲರನ್ನ ಸೈಕಲ್‌ಗೆ ಜೋಡಿಸೋ ಭಾಗ, ಹಿಂದಿನ ಆಕ್ಸಲ್ ತುದಿಗೆ, ಎಡಗಡೆ ಸಿಕ್ಕಿಸೋದು. ಒಬ್ಬ ಫ್ರೆಂಡು ಕಾರ್ಬನ್ ಸ್ಟೀಲ್‌ಗಿಂತ ಗಟ್ಟಿ ಕಣೋ ಅದ್ರಲ್ಲೇ ಎಳಿ ಅಂತಾನೆ, ಇನ್ನೊಬ್ಬ ಸ್ಟೆಪ್ ಥ್ರೂ ಫ್ರೇಮ್ ತಿರುಚುತ್ತೆ ಬೇಡವೇ ಬೇಡ ಅಂತಾನೆ, ಹಿಂದೆ ಕೂರೋದು ನಮ್ಮ ಮಗು ಆಗಿರೋದ್ರಿಂದ ಅಂದಾಜಲ್ಲಿ ಕೆಲಸ ಮಾಡೋಕೆ ಮನಸ್ಸು ಬರ್ತಿಲ್ಲ, ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ವೆಲ್ಡಿಂಗ್‌ಮಾಮ:

ಮೊದ್ಲು ಕಾರ್ಬನ್ ವಿಷ್ಯ ಮುಗಿಸಿಬಿಡೋಣ. ನಿಮ್ಮ ಫ್ರೆಂಡು ಹೇಳಿದ್ದು ಅರ್ಧ ನಿಜ. ಕಾರ್ಬನ್ ನಾರು ಯಾವ ದಿಕ್ಕಿಗೆ ಹಾಸಿರ್ತಾರೋ ಆ ದಿಕ್ಕಿನ ಎಳೆತಕ್ಕೆ ಸ್ಟೀಲನ್ನೇ ಮೀರಿಸುತ್ತೆ, ಆದ್ರೆ ಲೆಕ್ಕದಲ್ಲಿ ಇಲ್ದೇ ಇರೋ ಕಡೆಯಿಂದ ಹಿಸುಕಿದ್ರೆ, ತಿರುಚಿದ್ರೆ, ಅಲ್ಲಿ ಪದರ ಬಿಡೋಕೆ ಶುರುವಾಗುತ್ತೆ, ಅದೂ ಒಳಗಡೆ, ಮೇಲಿನ ಬಣ್ಣ ನೋಡಿದ್ರೆ ಏನೂ ಗೊತ್ತಾಗಲ್ಲ. ರೋಡ್ ಬೈಕಿನ ಹಿಂಭಾಗನ ಸವಾರನ ತೂಕ, ಪೆಡಲ್ ಒತ್ತಡ, ಬ್ರೇಕು, ರಸ್ತೆ ಹೊಡೆತ ಇಷ್ಟಕ್ಕೆ ಲೆಕ್ಕ ಹಾಕಿ ಹಗುರ ಮಾಡಿರ್ತಾರೆ. ಟ್ರೇಲರ್ ಹಿಚ್ಚು ಡ್ರಾಪ್‌ಔಟ್‌ನ, ಅಂದ್ರೆ ಫ್ರೇಮಲ್ಲಿ ಹಿಂದಿನ ಆಕ್ಸಲ್ ಕೂರೋ ಜಾಗದ, ಹೊರಮೈಗೆ ಒತ್ತಿಕೊಂಡು ಕೂತು ಪ್ರತಿ ತಿರುವಲ್ಲೂ, ಪ್ರತಿ ಗುಂಡೀಲೂ ಅದನ್ನ ಪಕ್ಕಕ್ಕೆ ಜಗ್ಗುತ್ತೆ. ಹಂಗಾಗಿ ಎಷ್ಟೋ ಕಂಪನಿಗಳು ಕಾರ್ಬನ್ ಫ್ರೇಮಿನ ಮ್ಯಾನ್ಯುಯಲ್‌ನಲ್ಲೇ ಟ್ರೇಲರ್ ಕಟ್ಟಬಾರದು ಅಂತ ಬರೆದಿರ್ತಾರೆ, ಕೆಲವರು ಕೆಲವು ಮಾಡೆಲ್‌ಗೆ ಒಪ್ತಾರೆ. ಮ್ಯಾನ್ಯುಯಲ್ ತೆಗೆದು ನೋಡಿ. ಒಪ್ಪಿಗೆ ಅಂತ ಸ್ಪಷ್ಟವಾಗಿ ಬರೆದಿಲ್ಲ ಅಂದ್ರೆ ಇಲ್ಲ ಅಂತಾನೇ ತಿಳ್ಕೊಳ್ಳಿ. ಚೈನ್‌ಸ್ಟೇ, ಅಂದ್ರೆ ಪೆಡಲ್ ಹತ್ರದಿಂದ ಹಿಂದಿನ ಆಕ್ಸಲ್‌ವರೆಗೆ ಹೋಗೋ ಕೆಳಗಿನ ಟ್ಯೂಬು, ಅದನ್ನೇ ಹಿಡ್ಕೊಳ್ಳೋ ಕ್ಲ್ಯಾಂಪ್ ಥರದ ಹಿಚ್ಚಂತೂ ಕಾರ್ಬನ್‌ಗೆ ಬೇಡವೇ ಬೇಡ, ತೆಳು ಗೋಡೆಯ ಅಲ್ಯೂಮಿನಿಯಂ ಟ್ಯೂಬಿಗೂ ಅದು ಒಳ್ಳೇದಲ್ಲ, ನೆಗ್ಗಿ ಹೋಗುತ್ತೆ.

ಇನ್ನು ಸ್ಟೀಲು, ಅಲ್ಯೂಮಿನಿಯಂ. ಇದ್ರಲ್ಲಿ ಜನಕ್ಕೆ ಇರೋ ಗೊಂದಲ ಏನಂದ್ರೆ ಲೋಹದ ಹೆಸರು ಕೇಳೇ ಗಟ್ಟಿ, ಮೆತ್ತಗೆ ಅಂತ ತೀರ್ಮಾನ ಮಾಡ್ತಾರೆ. ಲೋಹ ಅಂತ ನೋಡಿದ್ರೆ ಸ್ಟೀಲಿನ ಬಿಗಿತ ಅಲ್ಯೂಮಿನಿಯಂನ ಸುಮಾರು 3 ಪಟ್ಟು, ತೂಕಾನೂ ಸುಮಾರು 3 ಪಟ್ಟು. ಆದ್ರೆ ಟ್ಯೂಬಿನ ಬಿಗಿತ ಅದ್ರ ದಪ್ಪಕ್ಕೆ ತಕ್ಕಂತೆ ಬೇಗ ಏರುತ್ತೆ, ಗೋಡೆ ಅಷ್ಟೇ ಇಟ್ಟು ವ್ಯಾಸ ಎರಡು ಪಟ್ಟು ಮಾಡಿದ್ರೆ ತೂಕ ಎರಡು ಪಟ್ಟು ಆದ್ರೆ ಬಿಗಿತ ಹೆಚ್ಚುಕಮ್ಮಿ 8 ಪಟ್ಟು. ಅಲ್ಯೂಮಿನಿಯಂ ಫ್ರೇಮಿನ ಟ್ಯೂಬುಗಳು ದಪ್ಪಗಿರೋದು ಇದಕ್ಕೇ. ಇನ್ನೊಂದು ವ್ಯತ್ಯಾಸ ದಣಿವು. ಸ್ಟೀಲಿಗೆ ಒಂದು ಮಿತಿ ಇದೆ, ಅದ್ರ ಕೆಳಗಿನ ಒತ್ತಡ ಎಷ್ಟು ಸಲ ಬಿದ್ರೂ ಬಿರುಕು ಶುರುವಾಗಲ್ಲ, ತುಕ್ಕು ಹಿಡೀಬಾರದು ಅಷ್ಟೆ. ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ, ಸಣ್ಣ ಸಣ್ಣ ಹೊಡೆತಾನೂ ಲೆಕ್ಕಕ್ಕೆ ಸೇರ್ತಾ ಹೋಗುತ್ತೆ, ಅದಕ್ಕೇ ಅದನ್ನ ಮೊದಲೇ ಜಾಸ್ತಿ ಗಟ್ಟಿ ಮಾಡಿ ಕಟ್ಟಿರ್ತಾರೆ. ಎರಡೂ ಟ್ರೇಲರ್ ಎಳೀಬಹುದು. ನಿಮ್ಮ ಕೇಸಲ್ಲಿ ನೋಡಬೇಕಾಗಿರೋದು ಹಿಂದಿನ ಆಕ್ಸಲ್ ಕೂರೋ ಜಾಗ, ಅದರ ಸುತ್ತ ಇರೋ ವೆಲ್ಡು, ಮತ್ತೆ ಆ ಆಕ್ಸಲ್ಲು. ಟ್ರೇಲರ್‌ನ ಪೂರ್ತಿ ಜಗ್ಗಾಟ ಅಲ್ಲೇ ಬೀಳೋದು. ಆ ಜಾಗದ ಫೋಟೋ ಹಾಕಿ.

ಎರಡ್ಮಕ್ಕಳಮ್ಮ:

ಮಾಮ ಹೇಳಿದ್ದು ಸರಿ. ಓಡ್ಸೋ ವಿಷ್ಯಾನೂ ಸೇರಿಸ್ತೀನಿ, ಯಾಕಂದ್ರೆ ಫ್ರೇಮ್ ಎಷ್ಟೇ ಗಟ್ಟಿ ಇದ್ರೂ ಟ್ರೇಲರ್ ಮಗುಚೋದು ಬೇರೆ ಕಾರಣಕ್ಕೆ. ಟ್ರೇಲರ್ ನಿಮ್ಮ ಹ್ಯಾಂಡಲ್‌ಗಿಂತ ಅಗಲ ಇರುತ್ತೆ, ಮತ್ತೆ ತಿರುವಲ್ಲಿ ಅದು ನೀವು ಹೋದ ದಾರೀಲೇ ಬರಲ್ಲ, ಒಳಗಡೆಯಿಂದ ಅಡ್ಡ ಕತ್ತರಿಸ್ಕೊಂಡು ಬರುತ್ತೆ. ಸೈಕಲ್ ಫುಟ್‌ಪಾತ್ ಅಂಚು ತಪ್ಪಿಸಿಕೊಂಡು ಹೋಗಿರುತ್ತೆ, ಟ್ರೇಲರ್‌ನ ಒಳಗಿನ ಚಕ್ರ ಅದ್ರ ಮೇಲೆ ಹತ್ತುತ್ತೆ, ಆಗ ಸ್ಪೀಡ್ ಇದ್ರೆ ಮಗುಚೋದೇ. ತಯಾರಕರು ಮ್ಯಾನ್ಯುಯಲ್‌ನಲ್ಲಿ ಸಾಮಾನ್ಯವಾಗಿ ನೇರ ರಸ್ತೇಲಿ ಗಂಟೆಗೆ 25 ಕಿಮೀ ಆಸುಪಾಸು, ತಿರುವು ಮತ್ತೆ ಏರುತಗ್ಗು ಇರೋ ಕಡೆ 10ರ ಒಳಗೆ ಅಂತ ಹಾಕಿರ್ತಾರೆ. 10 ಅಂದ್ರೆ ನಿಜಕ್ಕೂ ಬಹಳ ನಿಧಾನ, ಆದ್ರೂ ಅದನ್ನ ಪಾಲಿಸಿ. ಮೊದ್ಲು ಮಗು ಇಲ್ದೇ, ಮಗುವಿನಷ್ಟೇ ತೂಕದ ಅಕ್ಕಿಮೂಟೆನೋ ಮರಳಿನ ಚೀಲನೋ ಬೆಲ್ಟ್ ಹಾಕಿ ಕೂರ್ಸಿ, ಖಾಲಿ ಮೈದಾನದಲ್ಲಿ ತಿರುಗಿಸಿ, ಬ್ರೇಕ್ ಹಾಕಿ ನೋಡಿ, ಗೊತ್ತಾಗುತ್ತೆ. ಖಾಲಿ ಟ್ರೇಲರ್ ಪ್ರಾಕ್ಟೀಸಿಗೆ ಬೇಡ, ಅದು ಹಗುರ ಇರೋದ್ರಿಂದ ಕುಣಿಯೋದೇ ಬೇರೆ ಥರ.

ಟೈರಿನ ಗಾಳಿ ಬಗ್ಗೆ ಯಾರೂ ಹೇಳಲ್ಲ ನೋಡಿ. ಸೈಕಲ್ ಟೈರ್ ಥರ ಟ್ರೇಲರ್ ಟೈರನ್ನೂ ಕಲ್ಲಿನ ಹಂಗೆ ತುಂಬಿಸ್ತಾರೆ. ಒಳಗೆ ಕೂತಿರೋ ಮಗು 10-12 ಕೆಜಿ ಅಷ್ಟೆ, ಅಷ್ಟು ಗಾಳಿ ಇದ್ರೆ ಪ್ರತಿ ಕಲ್ಲಿಗೂ ಚಕ್ರ ಎಗರುತ್ತೆ, ಮಗು ತಲೆ ಅಲ್ಲಾಡುತ್ತೆ, ಎಗರಿದ ಚಕ್ರ ತಿರುವಲ್ಲಿದ್ರೆ ಮಗುಚೋಕೂ ಅದೇ ಸಾಕು. ಟೈರಿನ ಪಕ್ಕದಲ್ಲಿ ಕನಿಷ್ಠ, ಗರಿಷ್ಠ ಎರಡೂ ಬರೆದಿರ್ತಾರೆ, ಕನಿಷ್ಠದ ಹತ್ರ ಇಡಿ.

ಹಳೇಚೈನು:

ನಾನು ಒಂದು ವಿರುದ್ಧ ಮಾತು ಹೇಳ್ತೀನಿ ಬೇಜಾರು ಮಾಡ್ಕೋಬೇಡಿ. ಟ್ರೇಲರ್ ನೆಲಕ್ಕೆ ಅಷ್ಟು ಹತ್ರ ಇರುತ್ತೆ, ದೊಡ್ಡ ಗಾಡಿಯವರಿಗೆ ಕಾಣೋದೇ ಇಲ್ಲ, ಮಗು ನಿಮ್ಮ ಕಣ್ಣಿಗೂ ಬೀಳಲ್ಲ, ಹೊಗೆ ಧೂಳು ಎಲ್ಲ ಅದ್ರ ಮುಖಕ್ಕೆ. ಹಿಂದೆ ಕ್ಯಾರಿಯರ್ ಮೇಲೆ ಹಾಕೋ ಬೇಬಿ ಸೀಟೇ ವಾಸಿ ಅಲ್ವಾ? ಮಗು ಜೊತೆ ಮಾತಾಡ್ತಾ ಹೋಗಬಹುದು.

ಎರಡ್ಮಕ್ಕಳಮ್ಮ:

ಹಳೇಚೈನು ಸರ್, ನೀವು ಹೇಳಿದ ಭಯ ಸುಳ್ಳಲ್ಲ, ಅದಕ್ಕೇ ಬಾವುಟದ ಕಡ್ಡಿ ಕೊಟ್ಟಿರ್ತಾರೆ, ಅದನ್ನ ಹಾಕದೇ ಹೊರಡಲೇಬಾರದು, ಹಿಂದೆ ಕೆಂಪು ದೀಪ ಹಗಲಲ್ಲೂ ಉರೀಬೇಕು, ಹ್ಯಾಂಡಲ್‌ಗೆ ಒಂದು ಕನ್ನಡಿ. ಗಾಡಿಗಳು ಜೋರಾಗಿ ನುಗ್ಗೋ ರಸ್ತೇಲಿ ನಾನು ಟ್ರೇಲರ್ ತಗೊಂಡು ಹೋಗೋದೇ ಇಲ್ಲ, ಸುತ್ತು ಆದ್ರೂ ಒಳದಾರೀಲೇ ಹೋಗ್ತೀನಿ. ಆದ್ರೆ ಬೇಬಿ ಸೀಟಲ್ಲಿ ಮಗು ಬೀಳೋ ಎತ್ತರ ನೋಡಿ. ನೀವು ಕಾಲೂರಿ ನಿಂತಾಗ ಸೈಕಲ್ ಒಂದು ಕಡೆ ವಾಲಿದ್ರೂ ಮಗು ಅಷ್ಟೆತ್ತರದಿಂದ ನೆಲಕ್ಕೆ ಬರುತ್ತೆ. ಟ್ರೇಲರ್‌ನ ಹಿಚ್ಚಲ್ಲಿ ಬಾಗೋ ರಬ್ಬರ್ ಜಾಯಿಂಟೋ ಗುಂಡು ಜಾಯಿಂಟೋ ಇರೋದ್ರಿಂದ ಸೈಕಲ್ ಪೂರ್ತಿ ಬಿದ್ರೂ ಟ್ರೇಲರ್ ನಿಂತೇ ಇರುತ್ತೆ. ಸುತ್ತ ಪಂಜರದ ಥರ ಪೈಪಿನ ಚೌಕಟ್ಟು, 5 ಕಡೆ ಬೆಲ್ಟು. ಎದುರಿನ ಜಾಲರಿ ಪರದೆ ಮುಚ್ಚಿ, ಹಿಂದಿನ ಚಕ್ರಕ್ಕೆ ಉದ್ದ ಮಡ್‌ಗಾರ್ಡ್ ಹಾಕಿ, ಕಲ್ಲು ಕೆಸರು ಹಾರಲ್ಲ. ಹೊಗೆ ಮಾತ್ರ ಒಪ್ತೀನಿ, ದಾರಿ ಬದಲಿಸೋದು ಬಿಟ್ರೆ ಅದಕ್ಕೆ ಬೇರೆ ಉಪಾಯ ಇಲ್ಲ.

ಪುಟ್ಟಪ್ಯಾಡಲ್:

ಮಧ್ಯೆ ಬಾಯಿ ಹಾಕ್ತಿದ್ದೀನಿ ಕ್ಷಮಿಸಿ, ನಮ್ಮ ಮಗೂಗೆ 8 ತಿಂಗಳು, ಸಪೋರ್ಟ್ ಇಲ್ದೇ ಕೂರುತ್ತೆ. ಟ್ರೇಲರ್ ಒಳಗೆ ಕಾರ್ ಸೀಟ್ ಇಟ್ಟು ಕಟ್ಕೊಂಡು ಹೋಗ್ಬಹುದಾ?

ಎರಡ್ಮಕ್ಕಳಮ್ಮ:

ಬೇಡಮ್ಮಾ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 12 ತಿಂಗಳಿಗಿಂತ ಚಿಕ್ಕ ಮಕ್ಕಳನ್ನ ಸೈಕಲ್ ಮೇಲೆ ಕರ್ಕೊಂಡು ಹೋಗಲೇಬಾರದು ಅಂತ ಹೇಳುತ್ತೆ. ಹೆಲ್ಮೆಟ್ ತೂಕ ಹೊತ್ತು ಅಲ್ಲಾಟ ತಡ್ಕೊಳ್ಳೋ ಶಕ್ತಿ ಆ ಕುತ್ತಿಗೆಗೆ ಇನ್ನೂ ಬಂದಿರಲ್ಲ. ವರ್ಷ ತುಂಬಿದ ಮೇಲೂ ಡಾಕ್ಟರ್ ಹತ್ರ ಒಂದು ಮಾತು ಕೇಳಿ ಶುರುಮಾಡಿ. ಕಾರ್ ಸೀಟ್ ಇಡೋದು ಟ್ರೇಲರ್ ಕಂಪನಿ ಹೇಳದೇ ಇದ್ರೆ ಮಾಡಬೇಡಿ, ತೂಕ ಎಲ್ಲಿ ಕೂರುತ್ತೆ ಅನ್ನೋದೇ ಬದಲಾಗಿಬಿಡುತ್ತೆ.

ನಿಧಾನಪೆಡಲ್:

ಎಲ್ಲರಿಗೂ ಥ್ಯಾಂಕ್ಸ್. ಕಾರ್ಬನ್ ಬೈಕಿನ ಮ್ಯಾನ್ಯುಯಲ್ ನೋಡ್ದೆ, ಟ್ರೇಲರ್ ಮತ್ತು ಬೇಬಿ ಸೀಟ್ ಎರಡಕ್ಕೂ ಬಳಸಬಾರದು ಅಂತ ಒಂದೇ ಸಾಲಲ್ಲಿ ಬರೆದಿದ್ದಾರೆ, ಅಲ್ಲಿಗೆ ಅದು ಮುಗೀತು. ಸ್ಟೀಲ್ ಸೈಕಲ್ಲೇ ಉಪಯೋಗ್ಸೋಣ ಅಂತ ಆಸೆ, ಗೇರು ಚೆನ್ನಾಗಿದೆ. ಫೋಟೋ ಹಾಕಿದ್ದೀನಿ. ಡ್ರಾಪ್‌ಔಟ್ ಕಚ್ಚು ಅಡ್ಡಡ್ಡ ಇದೆ, ಚಕ್ರ ಹಿಂದೆ ಮುಂದೆ ಜರುಗಿಸಬಹುದು. ಹಿಚ್ಚನ್ನ ಡ್ರಾಪ್‌ಔಟ್ ಹೊರಗಡೆ ಇಟ್ಟು ವಾಷರ್ ಹಾಕಿ ನಟ್ ಬಿಗಿದ್ರೆ ಆಕ್ಸಲ್ ತುದಿ ನಟ್ಟಿನ ಒಳಗೇ ಉಳಿಯುತ್ತೆ, ಹೊರಗೆ ಕಾಣಲ್ಲ. ಪರವಾಗಿಲ್ವಾ?

ವೆಲ್ಡಿಂಗ್‌ಮಾಮ:

ಪರವಾಗಿಲ್ಲ ಅನ್ನೋಕಾಗಲ್ಲ. ನಟ್ಟಿನ ಪೂರ್ತಿ ಉದ್ದಕ್ಕೂ ಮರೆ (ತಿರುಪಿನ ಗೀರು) ಹಿಡಿದಿರಬೇಕು, ಆಕ್ಸಲ್ ತುದಿ ಕನಿಷ್ಠ ನಟ್ಟಿನ ಮುಖಕ್ಕೆ ಸಮವಾಗಿ ಬರಬೇಕು, ಸ್ವಲ್ಪ ಹೊರಗೆ ಇಣುಕಿದ್ರೆ ಇನ್ನೂ ಒಳ್ಳೇದು. ಎಷ್ಟು ಹಿಡಿದಿದೆ ಅಂತ ತಿಳಿಯೋಕೆ ನಟ್ಟನ್ನ ಕೈಯಲ್ಲೇ ಬಿಚ್ತಾ ಸುತ್ತು ಎಣಿಸಿ, ಮರೆ ಬಿಡೋವರೆಗೆ ಐದು ಪೂರ್ತಿ ಸುತ್ತೂ ಬರಲಿಲ್ಲ ಅಂದ್ರೆ ಆ ಆಕ್ಸಲ್ ಗಿಡ್ಡ, ಉದ್ದದ್ದು ಹಾಕ್ಸಿ. ಹಿಚ್ಚಿನ ತಗಡಿನ ದಪ್ಪ ಆಕ್ಸಲ್ ಉದ್ದನ ತಿನ್ನುತ್ತೆ ಅನ್ನೋದು ಬಿಗಿಯೋವಾಗ ನೆನಪೇ ಬರಲ್ಲ ಜನಕ್ಕೆ. ಅಡ್ಡ ಕಚ್ಚಿನಲ್ಲಿ ಇನ್ನೊಂದು ವಿಷ್ಯ, ಅಲ್ಲಿ ಚಕ್ರ ಜಾರದ ಹಾಗೆ ಹಿಡಿಯೋದು ಮುಖ್ಯವಾಗಿ ನಟ್ಟಿನ ಬಿಗಿತ, ಅದ್ರ ಕಚ್ಚಿಕೊಳ್ಳೋ ಹಲ್ಲು, ನೀವು ನಟ್ಟಿಗೂ ಡ್ರಾಪ್‌ಔಟ್‌ಗೂ ಮಧ್ಯೆ ನುಣ್ಣನೆಯ ಹಿಚ್ ತಗಡು ತೂರಿಸಿದ್ರೆ ಆ ಹಲ್ಲು ಫ್ರೇಮನ್ನ ಕಚ್ಚಲ್ಲ. ಏರಲ್ಲಿ ಎದ್ದು ತುಳಿದಾಗ ಚಕ್ರ ಓರೆಯಾಗಿ ಜಾರಬಹುದು. ಸಾಧ್ಯ ಆದ್ರೆ ಫ್ರೇಮಿನ ನಟ್ಟನ್ನ ಅದ್ರ ಜಾಗದಲ್ಲೇ ಬಿಗಿದು, ಅದ್ರ ಹೊರಗೆ ಹಿಚ್ಚಿಟ್ಟು ಎರಡನೇ ನಟ್ ಹಾಕೋಷ್ಟು ಉದ್ದದ ಆಕ್ಸಲ್ ತಗೊಳ್ಳಿ.

ಆದ್ರೆ ಅದಕ್ಕೂ ಮುಂಚೆ, ಫೋಟೋನ ದೊಡ್ಡದು ಮಾಡಿ ನೋಡ್ದೆ, ಎಡಗಡೆ ಚೈನ್‌ಸ್ಟೇ ಡ್ರಾಪ್‌ಔಟ್‌ಗೆ ಸೇರೋ ಕಡೆ ಬಣ್ಣದಲ್ಲಿ ಕೂದಲೆಳೆ ಥರ ಒಂದು ಕಂದು ಗೆರೆ ಇದೆ. ಅದು ಬರೀ ಬಣ್ಣ ಒಡೆದಿರೋದೋ ಲೋಹವೇ ಬಿರುಕು ಬಿಟ್ಟಿರೋದೋ ಫೋಟೋದಲ್ಲಿ ಹೇಳೋಕಾಗಲ್ಲ. ಆ ಜಾಗನ ಚೆನ್ನಾಗಿ ಒರೆಸಿ, ಸಣ್ಣ ಉಪ್ಪುಕಾಗದದಲ್ಲಿ ಬಣ್ಣ ತೆಗೆದು, ಟಾರ್ಚನ್ನ ಓರೆಯಾಗಿ ಹಿಡಿದು ನೋಡಿ. ಬಣ್ಣ ಹೋದ ಮೇಲೂ ಲೋಹದಲ್ಲಿ ಗೆರೆ ಉಳಿದ್ರೆ ಅದು ಬಿರುಕು. ಹತ್ತಿ ಎಳೆದ್ರೆ ಎಳೆ ಸಿಕ್ಕಿಕೊಳ್ಳುತ್ತೆ. ಇನ್ನೂ ಅನುಮಾನ ಇದ್ರೆ ವೆಲ್ಡಿಂಗ್ ಕೆಲಸದವರ ಹತ್ರ ಬಿರುಕು ತೋರ್ಸೋ ಕೆಂಪು ಬಣ್ಣದ ಸ್ಪ್ರೇ ಇರುತ್ತೆ, ಡೈ ಪೆನೆಟ್ರೆಂಟ್ ಅಂತ, ಹಾಕಿ ಒರೆಸಿ ಮೇಲೆ ಬಿಳಿ ಪುಡಿ ಸ್ಪ್ರೇ ಮಾಡಿದ್ರೆ ಬಿರುಕಿದ್ದ ಕಡೆ ಕೆಂಪು ಮೇಲೆದ್ದು ಬರುತ್ತೆ.

ಹಬ್‌ಗೇರ್:

ನಟ್ ಆಕ್ಸಲ್ ಮಾತು ಬಂದಿದ್ದಕ್ಕೆ ಹೇಳ್ತೀನಿ, ಹಬ್ (ಚಕ್ರದ ನಡುವಿನ ಗುಂಬ) ಒಳಗೇ ಗೇರ್ ಇರೋ ಸೈಕಲ್ ಆದ್ರೆ ಆಕ್ಸಲ್ ತಿರುಗದ ಹಾಗೆ ಹಿಡಿಯೋಕೆ ಕೊಂಬಿರೋ ವಾಷರ್ ಕೊಟ್ಟಿರ್ತಾರೆ, ಅದು ಡ್ರಾಪ್‌ಔಟ್ ಕಚ್ಚಲ್ಲಿ ಕೂರಲೇಬೇಕು. ಹಿಚ್‌ಗೆ ಜಾಗ ಸಾಲಲ್ಲ ಅಂತ ಅದನ್ನ ತೆಗೆದುಬಿಡೋರನ್ನ ನೋಡಿದ್ದೀನಿ, ದಯವಿಟ್ಟು ಮಾಡಬೇಡಿ, ಗೇರೂ ಕೆಡುತ್ತೆ ಆಕ್ಸಲ್ಲೂ ಸಡಿಲ ಆಗುತ್ತೆ. ಹಿಂದಿನ ಹಬ್ಬಲ್ಲೇ ಮೋಟರ್ ಇರೋ ಎಲೆಕ್ಟ್ರಿಕ್ ಸೈಕಲ್ ಆದ್ರೆ ಇದು ಇನ್ನೂ ಗಂಭೀರ, ಅಲ್ಲಿ ಮೋಟರಿನ ತಿರುಗುಬಲ ಪೂರ್ತಿ ಆ ಆಕ್ಸಲ್ಲಿನ ಚಪ್ಪಟೆ ಭಾಗ ತಡೀತಿರುತ್ತೆ, ಪಕ್ಕದಿಂದಾನೇ ವೈರ್ ಬೇರೆ ಬರ್ತಿರುತ್ತೆ. ಆ ಮೋಟರಿಗೇ ಅಂತ ಮಾಡಿದ ಹಿಚ್ ಸಿಗದೇ ಇದ್ರೆ ಟ್ರೇಲರ್ ಆಸೆ ಬಿಡಿ.

ಮಾಮ, ಸ್ಟೆಪ್ ಥ್ರೂ ಬಗ್ಗೆ ನೀವು ಏನೂ ಹೇಳ್ಲಿಲ್ಲ?

ವೆಲ್ಡಿಂಗ್‌ಮಾಮ:

ಬರ್ತಿದ್ದೆ ಅದಕ್ಕೇ. ಸೈಕಲ್ ಫ್ರೇಮ್ ಅಷ್ಟು ಹಗುರ ಇದ್ದೂ ಗಟ್ಟಿ ಇರೋದು ತ್ರಿಕೋನದಿಂದ. ಮೇಲಿನ ಟ್ಯೂಬ್ ಕೆಳಗಿಳಿಸಿದ್ರೆ ಮುಂದಿನ ತ್ರಿಕೋನ ಕಿರಿದಾಗಿ ಹ್ಯಾಂಡಲ್ ಭಾಗಕ್ಕೂ ಸೀಟ್ ಭಾಗಕ್ಕೂ ಮಧ್ಯೆ ತಿರುಚೋದು ಜಾಸ್ತಿ ಆಗುತ್ತೆ, ಅಲ್ಲಿಗೆ ಆ ಫ್ರೆಂಡು ಹೇಳಿದ್ದು ಸರಿ. ಆದ್ರೆ ಯಾವ ಭಾರ ಎಲ್ಲಿ ಬೀಳುತ್ತೆ ನೋಡಿ. ಬೇಬಿ ಸೀಟಾದ್ರೆ ಮಗುವಿನ ಪೂರ್ತಿ ತೂಕ ಸೀಟ್ ಟ್ಯೂಬಿಗೋ ಕ್ಯಾರಿಯರ್‌ಗೋ ಎತ್ತರದಲ್ಲಿ ನೇತಾಡ್ತಾ ಎಡಕ್ಕೂ ಬಲಕ್ಕೂ ತೂಗುತ್ತೆ, ಆಗ ಈ ತೆರೆದ ಫ್ರೇಮು ತಿರುಚಿ ಹ್ಯಾಂಡಲ್ ನಡುಗೋಕೆ ಶುರು ಮಾಡ್ಬಹುದು. ಟ್ರೇಲರ್ ಆದ್ರೆ ಮಗುವಿನ ತೂಕನ ಅದ್ರ ಎರಡು ಚಕ್ರಾನೇ ಹೊರುತ್ತೆ, ಹಿಚ್ ಮೇಲೆ ಬೀಳೋದು ಕೆಲವೇ ಕೆಜಿ, ಉಳಿದಿದ್ದು ಎಳೆತ, ಅದು ಆಕ್ಸಲ್‌ನಿಂದ ಹಿಂದಿನ ತ್ರಿಕೋನಕ್ಕೆ ಹೋಗುತ್ತೆ. ಸ್ಟೆಪ್ ಥ್ರೂ ಫ್ರೇಮಲ್ಲಿ ಹಿಂದಿನ ತ್ರಿಕೋನ ಪೂರ್ತಿ ಇದೆಯಲ್ಲ. ಅಂದ್ರೆ ಟ್ರೇಲರ್‌ಗೆ ಸ್ಟೆಪ್ ಥ್ರೂ ಚೆನ್ನಾಗೇ ಆಗುತ್ತೆ, ಜೊತೆಗೆ ಇಳಿಯೋದು ಹತ್ತೋದು ಸುಲಭ, ಟ್ರೇಲರ್ ಕಟ್ಟಿದ ಸೈಕಲ್‌ನಿಂದ ಕಾಲು ಹಿಂದಕ್ಕೆ ಬೀಸಿ ಇಳಿಯೋಕೆ ಹೋಗಿ ಎಡವೋದು ತಪ್ಪುತ್ತೆ. ಕಂಪನಿ ಮ್ಯಾನ್ಯುಯಲ್ ಒಪ್ಪಿದ್ರೆ ಸಾಕು.

ಹಿಚ್ ಮೇಲೆ ಕೆಲವೇ ಕೆಜಿ ಅಂದ್ನಲ್ಲ, ಅದು ಇರಲೇಬೇಕು. ಸಾಮಾನಿನ ಚೀಲನೆಲ್ಲ ಟ್ರೇಲರ್ ಹಿಂದಿನ ಡಿಕ್ಕಿಗೆ ತುಂಬಿಸಿದ್ರೆ ಹಿಂಭಾರ ಆಗಿ ಹಿಚ್ಚು ಸೈಕಲ್ಲಿನ ಹಿಂದಿನ ಚಕ್ರಾನ ಮೇಲಕ್ಕೆ ಎತ್ತುತ್ತೆ, ಬ್ರೇಕ್ ಹಾಕಿದ್ರೆ ಆ ಚಕ್ರ ನೆಲ ಹಿಡಿಯಲ್ಲ, ಜಾರುತ್ತೆ.

ಹಳೇಚೈನು:

ಬ್ರೇಕ್ ಅಂದ್ರಲ್ಲ, ಟ್ರೇಲರ್‌ಗೆ ಬ್ರೇಕೇ ಇರಲ್ವಲ್ಲ, ಸ್ಟೀಲ್ ಸೈಕಲ್ಲಿನ ರಿಮ್ ಬ್ರೇಕು ಸಾಕಾಗುತ್ತಾ?

ಹಬ್‌ಗೇರ್:

ಲೆಕ್ಕ ಹಾಕೋಣ. ಸವಾರ 70, ಸೈಕಲ್ 15, ಒಟ್ಟು 85 ಕೆಜಿ ಅಂದ್ಕೊಳ್ಳಿ. ಟ್ರೇಲರ್, ಮಗು, ಸಾಮಾನು ಸೇರಿ 35 ಆದ್ರೆ 120. ಬ್ರೇಕ್ ಹಿಡಿಯೋ ಬಲ ಅಷ್ಟೇ ಇದ್ರೆ ನಿಲ್ಲೋ ದೂರ ಸುಮಾರು 40 ಶೇಕಡಾ ಜಾಸ್ತಿ ಆಗುತ್ತೆ. ಗಂಟೆಗೆ 25 ಕಿಮೀನಲ್ಲಿ ಒಬ್ಬರೇ ಹೋಗ್ತಾ 6 ಮೀಟರ್‌ಗೆ ನಿಲ್ಲಿಸ್ತಿದ್ದೋರು ಎಂಟೂವರೆ ಮೀಟರ್ ಹೋಗ್ತೀರಿ, ಅದೂ ಬ್ರೇಕ್ ಹಿಡಿದ ಮೇಲೆ, ಕೈ ಬ್ರೇಕಿಗೆ ಹೋಗೋ ಹೊತ್ತಲ್ಲಿ ಹೋದ ದೂರ ಬೇರೆ. ಅದೇ 15ಕ್ಕೆ ಇಳಿಸಿದ್ರೆ ಟ್ರೇಲರ್ ಇದ್ರೂ ಸುಮಾರು 3 ಮೀಟರಲ್ಲೇ ನಿಲ್ತೀರಿ. ವೇಗದ್ದು ವರ್ಗದ ಲೆಕ್ಕ, ಅಂದ್ರೆ ವೇಗ ಎರಡು ಪಟ್ಟಾದ್ರೆ ನಿಲ್ಲೋ ದೂರ ನಾಲ್ಕು ಪಟ್ಟು, ಆಗಿರೋದ್ರಿಂದ ಒಳ್ಳೇ ಬ್ರೇಕಿಗಿಂತ ನಿಧಾನ ಹೋಗೋದೇ ಹೆಚ್ಚು ಕಾಪಾಡುತ್ತೆ. ರಿಮ್ ಬ್ರೇಕು ಒಣ ರಸ್ತೇಲಿ ಸರಿ, ಮಳೇಲಿ ರಿಮ್ ಒದ್ದೆ ಆದ್ರೆ ಮೊದಲ ಕೆಲವು ಸುತ್ತು ನೀರು ಒರೆಸೋದ್ರಲ್ಲೇ ಕಳೆಯುತ್ತೆ, ಡಿಸ್ಕಿಗೆ ಆ ತೊಂದ್ರೆ ಕಡಿಮೆ. ಇನ್ನೊಂದು, ತಿರುವಿನ ಮಧ್ಯೆ ಗಟ್ಟಿ ಬ್ರೇಕ್ ಹಾಕಬೇಡಿ, ಟ್ರೇಲರ್ ಹಿಂದಿನಿಂದ ಆಕ್ಸಲ್‌ನ ಓರೆಯಾಗಿ ನೂಕುತ್ತೆ, ಹಿಂಚಕ್ರ ಹೊರಗೆ ಜಾರುತ್ತೆ. ತಿರುವಿಗೆ ಮುಂಚೆ ನೇರ ಇರೋವಾಗ್ಲೇ ವೇಗ ಇಳಿಸಿ.

ನಿಧಾನಪೆಡಲ್:

ಉಪ್ಪುಕಾಗದ ಹಾಕಿ ತಿಕ್ಕಿದೆ ಮಾಮ. ಬಣ್ಣ ಪೂರ್ತಿ ಹೋಗಿ ಲೋಹ ಬೆಳ್ಳಗೆ ಹೊಳೆಯೋವರೆಗೂ ತಿಕ್ಕಿದ ಮೇಲೂ ಆ ಗೆರೆ ಹಾಗೇ ಇದೆ, ವೆಲ್ಡಿನ ಅಂಚಿಗೇ ಅಂಟಿಕೊಂಡು ಟ್ಯೂಬಿನ ಕೆಳಗಿನವರೆಗೂ ಸುತ್ತಿಕೊಂಡಿದೆ, ಉಗುರು ಆಡಿಸಿದ್ರೆ ತಗಲುತ್ತೆ. ಹತ್ತೀನೂ ಸಿಕ್ಕಿಕೊಳ್ತು. ಇದನ್ನ ವೆಲ್ಡ್ ಮಾಡಿಸಿ ಉಪಯೋಗಿಸಬಹುದಾ?

ವೆಲ್ಡಿಂಗ್‌ಮಾಮ:

ಬಿರುಕೇ ಅದು. ಸ್ಟೀಲ್ ಆಗಿರೋದ್ರಿಂದ ರಿಪೇರಿ ಆಗುತ್ತೆ, ಡ್ರಾಪ್‌ಔಟ್ ಕತ್ತರಿಸಿ ಹೊಸದು ಕೂರ್ಸೋರು ಇದ್ದಾರೆ. ಆದ್ರೆ ಬಿರುಕಿನ ಮೇಲೇ ಒಂದು ಸಾಲು ವೆಲ್ಡ್ ಎಳೆದು ಕೊಟ್ರೆ ಒಪ್ಕೋಬೇಡಿ, ಅದ್ರ ಪಕ್ಕದಲ್ಲೇ ಮತ್ತೆ ಬಿಡುತ್ತೆ. ಸರಿಯಾಗಿ ರಿಪೇರಿ ಆಗಿ ಅಳತೆ ನೋಡಿಸೋವರೆಗೂ ಅದನ್ನ ಒಬ್ಬರೇ ಕೂಡ ಓಡಿಸಬೇಡಿ, ಟ್ರೇಲರ್ ಮಾತು ಆಮೇಲೆ. ಈಗ ಮನೆಯವರ ಅಲ್ಯೂಮಿನಿಯಂ ಸೈಕಲ್ಲೇ ಸರಿ. ಅದ್ರ ಡ್ರಾಪ್‌ಔಟ್ ಸುತ್ತಾನೂ ಇದೇ ಥರ ಟಾರ್ಚ್ ಹಾಕಿ ನೋಡಿ, ಉಪ್ಪುಕಾಗದ ಬೇಡ, ಒರೆಸಿ ನೋಡಿದ್ರೆ ಸಾಕು.

ನಿಧಾನಪೆಡಲ್:

ನೋಡಿದೆ, ಸ್ವಚ್ಛ ಇದೆ. ಮ್ಯಾನ್ಯುಯಲ್ ಕೂಡ ಟ್ರೇಲರ್ ಒಪ್ಪುತ್ತೆ. ಆದ್ರೆ ಈಗಿರೋ ಥ್ರೂ ಆಕ್ಸಲ್‌ಗೆ ಹಿಚ್ ಸಿಕ್ಕಿಸಿದ್ರೆ ಆ ಕಡೆ ಮರೆ ಸರಿಯಾಗಿ ಹಿಡೀತಿಲ್ಲ. ಉದ್ದದ ಆಕ್ಸಲ್ ಬೇಕು ಅನ್ಸುತ್ತೆ, ಏನೇನು ಅಳತೆ ನೋಡಬೇಕು?

ಹಬ್‌ಗೇರ್:

ಟ್ರೇಲರ್‌ಗೆ ಅಂತಾನೇ ಉದ್ದದ ಥ್ರೂ ಆಕ್ಸಲ್ ಬರುತ್ತೆ. ವ್ಯಾಸ ಬಹುಶಃ 12 ಮಿಮೀ ಇರುತ್ತೆ, ಆದ್ರೂ ಅಳೀರಿ. ಹಬ್ಬಿನ ಅಗಲ 142 ಅಥವಾ 148 ಮಿಮೀ ಸಾಮಾನ್ಯ, ಆದ್ರೆ ಅದನ್ನ ನೋಡಿ ಆರ್ಡರ್ ಮಾಡಬೇಡಿ, ಈಗಿರೋ ಆಕ್ಸಲ್ ಬಿಚ್ಚಿ ತಲೆಯ ಕೆಳಗಿಂದ ತುದಿವರೆಗೆ ಅಳೆದು ಹಿಚ್ಚಿನ ದಪ್ಪ ಸೇರಿಸಿ. ಆಮೇಲೆ ಮರೆಯ ಹೆಜ್ಜೆ, ಅಂದ್ರೆ ಒಂದು ಗೀರಿಂದ ಮುಂದಿನ ಗೀರಿಗಿರೋ ದೂರ, ಇದ್ರಲ್ಲೇ ತುಂಬಾ ಜನ ಎಡವೋದು, 1.0, 1.5, 1.75 ಮಿಮೀ ಮೂರೂ ಇದೆ, ತಪ್ಪಾಗಿರೋದನ್ನ ಬಲವಂತವಾಗಿ ತಿರುಗಿಸಿದ್ರೆ ಫ್ರೇಮಿನ ಮರೆ ಕಿತ್ತೋಗುತ್ತೆ. ಹಳೇ ಆಕ್ಸಲ್ ಮೇಲೆ ಸಾಮಾನ್ಯವಾಗಿ ಬರೆದಿರ್ತಾರೆ, ಇಲ್ಲಾಂದ್ರೆ ಹತ್ತು ಮರೆಯ ಉದ್ದ ಕ್ಯಾಲಿಪರ್ ಅನ್ನೋ ಅಳತೆ ಸಾಧನದಲ್ಲಿ ಅಳೆದು ಹತ್ತರಿಂದ ಭಾಗಿಸಿ. ಆಕ್ಸಲ್ ತಲೆ ಚಪ್ಪಟೆನೋ ಶಂಕುವಿನಾಕಾರನೋ ಅದನ್ನೂ ನೋಡಿ, ಶಂಕು ಆದ್ರೆ ಮಧ್ಯೆ ಅದಕ್ಕೆ ಹೊಂದೋ ವಾಷರ್ ಬೇಕು. ಎಡಗಡೆ ಡಿಸ್ಕ್ ಬ್ರೇಕಿನ ಕ್ಯಾಲಿಪರ್‌ಗೆ (ಡಿಸ್ಕನ್ನ ಹಿಡಿಯೋ ಭಾಗಕ್ಕೆ) ಹಿಚ್ ತಗಲ್ತಾ ಇದ್ಯಾ ಅಂತ ಟ್ರೇಲರ್ ಕಟ್ಟಿ ಸೈಕಲ್ ಪೂರ್ತಿ ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ. ಬಿಗಿಯೋ ಟಾರ್ಕ್, ಅಂದ್ರೆ ಎಷ್ಟು ಬಲದಲ್ಲಿ ತಿರುಗಿಸಬೇಕು ಅನ್ನೋದು, ಸಾಮಾನ್ಯವಾಗಿ ಆಕ್ಸಲ್ ಮೇಲೇ ಬರೆದಿರುತ್ತೆ, ಟಾರ್ಕ್ ರೆಂಚ್ ಯಾರ ಹತ್ರನಾದ್ರೂ ಎರವಲು ತಗೊಳ್ಳಿ.

ಎರಡ್ಮಕ್ಕಳಮ್ಮ:

ಹಿಚ್ಚಿನ ಪಿನ್ ಹಾಕಿದ ಮೇಲೆ ಒಂದು ಪಟ್ಟಿ ಉಳಿಯುತ್ತಲ್ಲ, ಅದನ್ನ ಸುಮ್ನೆ ನೇತಾಡೋಕೆ ಬಿಡಬೇಡಿ, ಚೈನ್‌ಸ್ಟೇ ಸುತ್ತ ಬಳಸಿ ಕೊಕ್ಕೆ ಹಾಕಬೇಕು, ಪಿನ್ನೋ ಹಿಚ್ಚೋ ಕೈಕೊಟ್ರೂ ಟ್ರೇಲರ್ ಬಿಟ್ಟು ಹೋಗದೇ ಇರೋಕೆ ಅದು. ಬ್ರೇಕ್ ಡಿಸ್ಕಿಗೆ ತಾಗದ ಹಾಗೆ ಸುತ್ತಿ. ಟ್ರೇಲರ್ ಚಕ್ರಗಳನ್ನ ಬಟನ್ ಒತ್ತಿ ಹಾಕೋದಾದ್ರೆ ಪ್ರತಿ ಸಲ ಹೊರಡೋ ಮುಂಚೆ ಎರಡೂ ಚಕ್ರನ ಹೊರಗೆ ಎಳೆದು ನೋಡಿ. ಮತ್ತೆ ಹೆಲ್ಮೆಟ್ ಹಾಕಿದಾಗ ಮಗು ತಲೆ ಮುಂದಕ್ಕೆ ಬಾಗ್ತಾ ಇದ್ಯಾ ನೋಡಿ, ಒಳ್ಳೇ ಟ್ರೇಲರ್‌ಗಳಲ್ಲಿ ಸೀಟಿನ ಹಿಂದೆ ಹೆಲ್ಮೆಟ್ ಕೂರೋಕೆ ಗುಳಿ ಬಿಟ್ಟಿರ್ತಾರೆ, ಅದಿಲ್ಲ ಅಂದ್ರೆ ಬೆನ್ನಿಗೆ ಮಾತ್ರ ತೆಳು ದಿಂಬು ಕೊಡಿ. ನಿಮ್ಮದು ಸೆಕೆಂಡ್ ಹ್ಯಾಂಡ್ ಅಲ್ವಲ್ಲ?

ನಿಧಾನಪೆಡಲ್:

ಸೆಕೆಂಡ್ ಹ್ಯಾಂಡೇ, ಆದ್ರೆ ಬಟ್ಟೆ, ಬೆಲ್ಟು ಎಲ್ಲ ಹೊಸದರ ಥರಾನೇ ಇದೆ. ಒಳಗೆ ಇಎನ್ 15918 ಅಂತ ಲೇಬಲ್ ಇದೆ.

ಎರಡ್ಮಕ್ಕಳಮ್ಮ:

ಅದು ಯುರೋಪಿನ ಸೈಕಲ್ ಟ್ರೇಲರ್ ಸುರಕ್ಷತೆ ಮಾನದಂಡ, ಅಮೆರಿಕದ್ದು ಎಎಸ್‌ಟಿಎಂ ಎಫ್1975, ಎರಡ್ರಲ್ಲಿ ಒಂದಿದ್ರೆ ಒಳ್ಳೇದು. ಹಿಚ್ಚಿನ ರಬ್ಬರ್ ಜಾಯಿಂಟ್ ಮಾತ್ರ ಬಗ್ಗಿಸಿ ನೋಡಿ, ಸಣ್ಣ ಸಣ್ಣ ಸೀಳು ಕಂಡ್ರೆ ಬಟ್ಟೆ ಬೆಲ್ಟು ಎಷ್ಟೇ ಹೊಸದಾಗಿದ್ರೂ ಆ ಭಾಗ ಬದಲಿಸಿ, ಅದು ಬಿಡಿಯಾಗಿ ಸಿಗುತ್ತೆ.

ನಿಧಾನಪೆಡಲ್:

ಈಗಷ್ಟೇ ಬಗ್ಗಿಸಿ ನೋಡಿದೆ ಅಕ್ಕಾ, ಕುತ್ತಿಗೆ ಹತ್ರ ಎರಡು ಸೀಳಿದೆ. ಆಕ್ಸಲ್ ಜೊತೆಗೆ ಅದನ್ನೂ ಆರ್ಡರ್ ಮಾಡ್ತಿದ್ದೀನಿ. ಅಲ್ಲೀವರೆಗೂ ಟ್ರೇಲರ್‌ಗೆ ಮುಂದಿನ ಚಕ್ರ ಹಾಕಿ ಕೈಯಲ್ಲಿ ತಳ್ಕೊಂಡು ಹೋಗ್ತೀನಿ, ಹೆಲ್ಮೆಟ್ ಹಾಕ್ಕೊಂಡು ಅದ್ರಲ್ಲಿ ಕೂರೋದು ಅವಳಿಗೂ ಅಭ್ಯಾಸ ಆಗ್ಲಿ.